ಇಪ್ಪತ್ತು ಮಂದಿ ಅಪರಿಚಿತರಿಗಾಗಿ ಒಂದು ಆಟ

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮಕ್ಕೆ ಕರೆದಾಗ ನಿಮ್ಮ ಮೇಷ್ಟ್ರು ನನಗೆ ಕೊಟ್ಟ ವಿಷಯ 'ಗೇಮಿಂಗ್ ಉದ್ಯಮದಲ್ಲಿ ಅವಕಾಶಗಳು'. ಅದನ್ನು ಹೇಳಬಲ್ಲವರು ಬೇರೆ ಇದ್ದಾರೆ ಸಾರ್ ಎಂದೆ. ಹಗಲು ಹೊತ್ತು ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟವಾದ ಮೇಲೆ, ರಜೆಯ ದಿನಗಳಲ್ಲಿ, ಕಂಪ್ಯೂಟರ್ ಆಟ ಕಟ್ಟುತ್ತೇನೆ. ಅದರಿಂದ ಒಂದು ರೂಪಾಯಿ ಸಂಪಾದನೆಯಿಲ್ಲ, ಆ ಆಸೆಯೂ ನನಗಿಲ್ಲ. ಕನ್ನಡದಲ್ಲಿ 'ಹವ್ಯಾಸಿ' ಎಂಬ ಮಾತಿಗೆ ಒಂದು ಮರ್ಯಾದೆ ಇದೆ. ಆಫೀಸು ಮುಗಿಸಿ ಬಂದು ತಾಲೀಮು ನಡೆಸಿ ನಾಟಕ ಕಟ್ಟಿದ ಹವ್ಯಾಸಿ ತಂಡಗಳಿಂದ ನಮಗೆ ಸಿಕ್ಕ ಮರ್ಯಾದೆ ಅದು. ಆ ಅರ್ಥದಲ್ಲೇ ನಾನೂ ಹವ್ಯಾಸಿ. ಹವ್ಯಾಸಿಗಳು ಸೇರಬಹುದಾದ ಆಟ ಕಟ್ಟುವ ಸ್ಪರ್ಧೆಗಳ ಬಗ್ಗೆ, ಅಲ್ಲಿ ನನಗೆ ಏನು ಸಿಕ್ಕಿತು ಎಂಬುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲ ಸ್ಪರ್ಧೆಗೆ ಇಳಿಯುವ ಮುಂಚೆ ನಾಲ್ಕು ವರ್ಷ ನಾನು ಆಟ ಕಟ್ಟುತ್ತಲೇ ಇದ್ದೆ. ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಹನ್ನೊಂದು ಆಟಗಳಿದ್ದವು. ಹನ್ನೊಂದೂ ಅರ್ಧಂಬರ್ಧ. ಹುಲಿ-ಕುರಿ ಆಟದಲ್ಲಿ ಕುರಿಗಳು ನಡೆಯುತ್ತಿದ್ದವು, ಹುಲಿಗೆ ಮಾತ್ರ ಯೋಚನೆ ಬರುತ್ತಿರಲಿಲ್ಲ. ಒಂದು ದೊಡ್ಡ ಸಾಹಸದ ಕಥೆಯಲ್ಲಿ ಊರಿನ ಹೆಬ್ಬಾಗಿಲಿನ ಚಿತ್ರ ಬಹಳ ಚೆಂದ ಬಂದಿತ್ತು, ಬಾಗಿಲ ಆಚೆ ಊರೇ ಇರಲಿಲ್ಲ. ಮುಗಿಸಲೇಬೇಕು ಎಂದು ಯಾರೂ ಹೇಳದಿದ್ದರೆ ಮುಗಿಯುವುದಿಲ್ಲ. ನನ್ನ ಸೋಮಾರಿತನವೇ ಕಾರಣ ಎಂದು ಬಹಳ ದಿನ ಬೇಸರಪಟ್ಟಿದ್ದೆ. ಈಗ ಹಾಗನ್ನಿಸುವುದಿಲ್ಲ. ಆಡುವವರು ಕಣ್ಣ ಮುಂದೆ ಇರದಿದ್ದರೆ ಆಟ ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯುವುದಿಲ್ಲ.

ಇಂಥ ಸ್ಪರ್ಧೆಗಳಿಗೆ ಗೇಮ್ ಜಾಮ್ ಎನ್ನುತ್ತಾರೆ. ಅದು ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ನಿಗದಿತ ಹೊತ್ತಿಗೆ ಒಂದು ಥೀಮ್, ಅಂದರೆ ಆಟದ ವಸ್ತು, ಪ್ರಕಟವಾಗುತ್ತದೆ. ಆ ಕ್ಷಣದಿಂದ ಗಡಿಯಾರ ಓಡಲು ಶುರು. ಗಡುವಿನೊಳಗೆ ಆ ಥೀಮಿಗೆ ಹೊಂದುವ ಆಟವೊಂದನ್ನು ಕಟ್ಟಿ ಕೊಡಬೇಕು. ಇವುಗಳಲ್ಲಿ ಹಳೆಯದೊಂದು ಲುಡಮ್ ಡಾರೆ. 2002ರಲ್ಲಿ ಜೆಫ್ ಹೌಲ್ಯಾಂಡ್ ಎನ್ನುವವರು ಶುರು ಮಾಡಿದ್ದು. ಆ ಲ್ಯಾಟಿನ್ ಹೆಸರಿಗೆ ಆಟವನ್ನು ಕೊಡುವುದು ಎಂಬ ಅರ್ಥವಿದೆ. ಅದರಲ್ಲಿ 'ಕಾಂಪೊ' ಎಂಬ ವಿಭಾಗಕ್ಕೆ ನಲವತ್ತೆಂಟು ಗಂಟೆ. ಒಬ್ಬರೇ ಮಾಡಬೇಕು, ಕೋಡು, ಚಿತ್ರ, ಸದ್ದು ಎಲ್ಲವೂ ಆ ಅವಧಿಯಲ್ಲೇ ಹುಟ್ಟಬೇಕು, ಸೋರ್ಸ್ ಕೋಡ್, ಅಂದರೆ ಆಟಕ್ಕೆ ಬರೆದ ಮೂಲ ಕೋಡ್ ಕೂಡ ಎಲ್ಲರಿಗೂ ಕಾಣುವಂತೆ ಕೊಡಬೇಕು. 'ಜಾಮ್' ವಿಭಾಗದಲ್ಲಿ ಎಪ್ಪತ್ತೆರಡು ಗಂಟೆ, ತಂಡ ಕಟ್ಟಿಕೊಳ್ಳಬಹುದು. ಗೆದ್ದವರಿಗೆ ಹಣವಿಲ್ಲ. ನೀವು ಕಟ್ಟಿದ ಆಟವೇ ನಿಮಗೆ ಬಹುಮಾನ.

ಇಷ್ಟು ಕಡಿಮೆ ಹೊತ್ತಿನಲ್ಲಿ ಏನು ತಾನೇ ಮಾಡಲು ಸಾಧ್ಯ ಎಂದು ಕೇಳುವವರಿಗೆ ನಾನು ಅಷ್ಟಾವಧಾನವನ್ನು ನೆನಪಿಸುತ್ತೇನೆ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅಲ್ಲೇ, ಆಗಲೇ, ನಾಲ್ಕು ಪದ ಕೊಟ್ಟು ಇವನ್ನು ಸೇರಿಸಿ ಪದ್ಯ ಕಟ್ಟಿ ಎನ್ನುತ್ತಾರೆ. ಅದು ದತ್ತಪದಿ. ಇನ್ನೊಬ್ಬರು ಹೆಜ್ಜೆ ಹೆಜ್ಜೆಗೂ ಈ ಅಕ್ಷರ ಬೇಡ, ಆ ಅಕ್ಷರ ಬೇಡ ಎಂದು ತಡೆಯುತ್ತಾರೆ. ಅದು ನಿಷೇಧಾಕ್ಷರಿ. ದಾರಿ ಮುಚ್ಚಿದಷ್ಟೂ ಅವಧಾನಿಯ ಬುದ್ಧಿ ಬೇರೆ ದಾರಿ ಹುಡುಕುತ್ತದೆ. ಜಾಮಿನ ಥೀಮು ದತ್ತಪದಿಯ ಹಾಗೆ. ನಿಷೇಧಾಕ್ಷರಿ ಬೇಕಿದ್ದವರಿಗೆ ಜೆಎಸ್13ಕೆ ಎಂಬ ಸ್ಪರ್ಧೆ ಇದೆ. 2012ರಿಂದ ಪ್ರತಿವರ್ಷ ಆಗಸ್ಟ್ 13ರಿಂದ ಸೆಪ್ಟೆಂಬರ್ 13ರವರೆಗೆ ನಡೆಯುತ್ತದೆ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಬರೆದ ಇಡೀ ಆಟ, ಚಿತ್ರ ಸದ್ದು ಎಲ್ಲ ಸೇರಿ, ಜಿಪ್ ಮಾಡಿ ಕುಗ್ಗಿಸಿದ ಮೇಲೆ 13 ಕಿಲೋಬೈಟ್ ಮೀರುವಂತಿಲ್ಲ. ಬೆಳಗ್ಗೆ ಎದ್ದು ನೀವು ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ನನ್ನ ಮೊದಲ ಸ್ಪರ್ಧೆ 2013ರ ಡಿಸೆಂಬರಿನ ಲುಡಮ್ ಡಾರೆ. ಇಪ್ಪತ್ತೆಂಟನೆಯದು. ಅಮೆರಿಕದ ಪಶ್ಚಿಮ ತೀರದಲ್ಲಿ ಶುಕ್ರವಾರ ಸಂಜೆ ಆರು ಗಂಟೆಗೆ ಥೀಮ್ ಬಂದಾಗ ನಮ್ಮಲ್ಲಿ ಶನಿವಾರ ಬೆಳಗ್ಗೆ ಏಳೂವರೆ. ಥೀಮ್: 'ನಿನಗೆ ಸಿಗುವುದು ಒಂದೇ'. ಸ್ನಾನ ಮಾಡುತ್ತಾ ಯೋಚಿಸಿದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ತಡಕುತ್ತಿದ್ದಳು. ಒಂದು ಸಲ ಪೊಟ್ಟಣದಲ್ಲಿ ಒಂದೇ ಕಡ್ಡಿ ಉಳಿದಿತ್ತು. ಬುಡ್ಡಿದೀಪ ಎಲ್ಲಿದೆ ಎಂದು ಮೊದಲು ಕೈಯಿಂದ ಹುಡುಕಿ, ಪಕ್ಕದಲ್ಲಿ ನಿಂತು, ಆಮೇಲೆ ಗೀರಿದಳು. ಇದೇ ಆಟ ಎಂದುಕೊಂಡೆ. ಕತ್ತಲೆ ಮನೆ, ಒಂದು ಬೆಂಕಿಕಡ್ಡಿ. ಗೋಡೆಗೆ ತಾಗಿದರೆ ಒಂದು ಸದ್ದು, ಪಾತ್ರೆಗೆ ತಾಗಿದರೆ ಇನ್ನೊಂದು. ಸದ್ದಿನ ಗುರುತಿನ ಮೇಲೆ ದೀಪದ ಹತ್ತಿರ ಹೋಗಿ ಕಡ್ಡಿ ಗೀರಬೇಕು. ಬೇರೆಡೆ ಗೀರಿದರೆ ನಾಲ್ಕು ಸೆಕೆಂಡು ಮನೆ ಕಾಣುತ್ತದೆ, ಮತ್ತೆ ಕತ್ತಲು, ಆಟ ಮುಗಿಯಿತು.

ಸದ್ದು ಮಾಡಿದ್ದು ಎಸ್‌ಎಫ್‌ಎಕ್ಸ್‌ಆರ್ ಎಂಬ ಚಿಕ್ಕ ತಂತ್ರಾಂಶದಲ್ಲಿ. ನೆಗೆತ, ನಾಣ್ಯ, ಸ್ಫೋಟ ಹೀಗೆ ಬಟನ್‌ಗಳಿವೆ. ಒತ್ತಿದ ಹಾಗೆಲ್ಲ ಹೊಸ ಸದ್ದು. ಇದನ್ನು ಬರೆದವರು ಡಾಕ್‌ಪೆಟರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಟೋಮಾಸ್ ಪೆಟರ್ಸನ್. 2007ರ ಡಿಸೆಂಬರಿನ ಲುಡಮ್ ಡಾರೆಗಾಗಿ, ಸಂಗೀತ ಬಾರದವರ ಆಟಗಳಿಗೂ ಒಂದಿಷ್ಟು ಸದ್ದು ಇರಲಿ ಎಂದು ಮಾಡಿ ಹಂಚಿದರು. ಆ ಸಲದ ಎಷ್ಟೋ ಆಟಗಳು ಮರೆತುಹೋಗಿವೆ. ಈ ಉಪಕರಣ ಮತ್ತು ಅದರ ಮರಿಗಳು ಇವತ್ತಿಗೂ ಬಳಕೆಯಲ್ಲಿವೆ. ಸ್ಪರ್ಧೆಗೆ ಬರುವಾಗ ಎದುರಾಳಿಗಳಿಗೆ ಉಡುಗೊರೆ ತರುವ ಈ ಗುಣ ನನಗೆ ಆ ಲೋಕದಲ್ಲಿ ಎಲ್ಲಕ್ಕಿಂತ ಪ್ರಿಯ.

ಸೋಮವಾರ ಬೆಳಗ್ಗೆ ಏಳೂವರೆಯ ಒಳಗೆ ಆಟ ಕಳಿಸಿ, ತಿಂಡಿ ತಿಂದು, ಬ್ಯಾಂಕಿಗೆ ಹೋದೆ. ಮನಸ್ಸು ತುಂಬಿತ್ತು. ಸಂಜೆ ಬಂದು ನೋಡಿದರೆ ಏಳು ಪ್ರತಿಕ್ರಿಯೆ. ಅದರಲ್ಲಿ ನಾಲ್ಕು ಮಂದಿ ಬರೆದದ್ದು ಒಂದೇ: 'ನಿಮ್ಮ ಆಟ ಕೆಟ್ಟಿದೆ, ಪರದೆ ಕಪ್ಪಾಗಿಯೇ ಇದೆ.'

ಆ ಸಂಜೆಯನ್ನು ನಾನು ಮರೆತಿಲ್ಲ. ಎರಡು ದಿನ ನಾನು ಆ ಮನೆಯೊಳಗೆ ಓಡಾಡಿದ್ದೆ. ಬಲಕ್ಕೆ ಅಡುಗೆಮನೆ, ಎಡಕ್ಕೆ ದೇವರಕೋಣೆ ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣಿಗೆ ಅಲ್ಲಿ ಕತ್ತಲಲ್ಲಿ ಮುಳುಗಿದ ಒಂದು ಮನೆ ಇತ್ತು. ಅವರ ಕಣ್ಣಿಗೆ ಬರೀ ಕಪ್ಪು ಚೌಕ. ಕಂಪ್ಯೂಟರಿನ ಸದ್ದು ಆರಿಸಿಟ್ಟು ಆಡಿದವರಿಗೆ ಸದ್ದಿನ ಗುರುತೂ ಇಲ್ಲ. ಇದನ್ನು ನಮ್ಮ ಮನೆಯವರು ಯಾರೂ ಹೇಳಿರಲಿಲ್ಲ, ಏಕೆಂದರೆ ಅವರು ಆಡುವಾಗ ನಾನು ಪಕ್ಕದಲ್ಲಿ ನಿಂತು ಬಾಯಲ್ಲಿ ವಿವರಿಸುತ್ತಿದ್ದೆ. ಅಪರಿಚಿತರ ಪಕ್ಕದಲ್ಲಿ ನಾನು ನಿಲ್ಲುವ ಹಾಗಿರಲಿಲ್ಲ.

ತಿದ್ದಲು ಬೇಕಾದದ್ದು ಬಹಳ ಕಡಿಮೆ. ಆಟದ ಮೊದಲ ಎರಡು ಸೆಕೆಂಡು ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ಅಮ್ಮ ಒಲೆಯ ಮುಂದೆ ನಿಂತಿರುತ್ತಾಳೆ, ಫಕ್ಕನೆ ಕರೆಂಟ್ ಹೋಗುತ್ತದೆ. ಅಷ್ಟೇ. ಸ್ಪರ್ಧೆ ಮುಗಿದ ಮೇಲೆ ಬೇರೆಯ ಪ್ರತಿಯಾಗಿ ಅದನ್ನು ಸೇರಿಸಿದೆ. ಪರದೆ ಕಪ್ಪಾಗಿದೆ ಎಂದು ಆಮೇಲೆ ಒಬ್ಬರೂ ಹೇಳಲಿಲ್ಲ.

ಅದೇ ವಾರಾಂತ್ಯ, ಅದೇ ಥೀಮಿಗೆ ಎರಡು ಸಾವಿರಕ್ಕೂ ಹೆಚ್ಚು ಆಟಗಳು ಬಂದಿದ್ದವು. ಅವುಗಳಲ್ಲೊಂದು 'ಟೈಟನ್ ಸೋಲ್ಸ್'. ನಾಯಕನ ಕೈಯಲ್ಲಿ ಒಂದೇ ಬಾಣ, ಬಿಟ್ಟ ಬಾಣವನ್ನು ಮತ್ತೆ ತಂದುಕೊಳ್ಳಬೇಕು, ಎದುರಿಗೆ ಬೆಟ್ಟದಂಥ ದೈತ್ಯ. ಅದು ಬೆಳೆದು 2015ರಲ್ಲಿ ದೊಡ್ಡ ಆಟವಾಗಿ ಮಾರಾಟಕ್ಕೆ ಬಂತು. ಲೂಕಸ್ ಪೋಪ್ 2012ರ ಏಪ್ರಿಲಿನ ಲುಡಮ್ ಡಾರೆಗೆ ಸರ್ಕಾರಿ ಪತ್ರಿಕೆಯ ಸಂಪಾದಕನ ಇಕ್ಕಟ್ಟನ್ನು ಆಟ ಮಾಡಿದ್ದರು. ಮರುವರ್ಷ ಅವರ 'ಪೇಪರ್ಸ್, ಪ್ಲೀಸ್' ಬಂದಾಗ ಗಡಿ ಠಾಣೆಯ ಅಧಿಕಾರಿಯ ಇಕ್ಕಟ್ಟು ಅದೇ ಮನಸ್ಸಿನಿಂದ ಬಂದದ್ದು ಎಂದು ಹಳೆಯ ಆಟ ಆಡಿದ್ದವರಿಗೆ ಕಾಣುತ್ತಿತ್ತು. ಫಿನ್‌ಲೆಂಡಿನ ಆರ್ವಿ ಟೇಯ್ಕಾರಿ 2017ರ ನಾರ್ಡಿಕ್ ಗೇಮ್ ಜಾಮಿನಲ್ಲಿ ಕಟ್ಟಿದ 'ಬಾಬಾ ಈಸ್ ಯೂ' ಆಟದಲ್ಲಿ ನಿಯಮಗಳೇ ತಳ್ಳಬಹುದಾದ ಇಟ್ಟಿಗೆಗಳು. ಗೋಡೆ ತಡೆಯುತ್ತದೆ ಎಂಬ ವಾಕ್ಯವನ್ನೇ ಒಡೆದರೆ ಗೋಡೆ ತಡೆಯುವುದಿಲ್ಲ. ನಿಮ್ಮ ಆಟವೂ ಹೀಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎರಡು ದಿನದ ಬಿಡುವಿನಲ್ಲಿ ಹುಟ್ಟಿದ ಯೋಚನೆ ಹಗುರವಾದದ್ದೇನಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ನನಗೆ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಲುಡಮ್ ಡಾರೆಯಲ್ಲಿ ಕಟ್ಟುವುದು ಎರಡು ದಿನ, ಪರಸ್ಪರ ಆಡಿ ಅಂಕ ಕೊಡುವುದು ಸುಮಾರು ಮೂರು ವಾರ. ತೀರ್ಪುಗಾರರು ಎಂದು ಬೇರೆ ಯಾರೂ ಇಲ್ಲ, ಸ್ಪರ್ಧಿಗಳೇ ತೀರ್ಪುಗಾರರು. ಒಟ್ಟು ಅಂದ, ಮಜಾ, ಹೊಸತನ, ಥೀಮು, ಚಿತ್ರ, ಸದ್ದು, ಹಾಸ್ಯ, ಭಾವ ಹೀಗೆ ಬೇರೆ ಬೇರೆ ಅಂಕ. ಈಗಿನ ನಿಯಮದ ಪ್ರಕಾರ ನಿಮ್ಮ ಆಟಕ್ಕೆ ಸ್ಥಾನ ಸಿಗಬೇಕಾದರೆ ಕನಿಷ್ಠ 20 ಮಂದಿ ಅಂಕ ಕೊಟ್ಟಿರಬೇಕು. ಆ ಇಪ್ಪತ್ತು ಮಂದಿ ಸುಮ್ಮನೆ ಬರುವುದಿಲ್ಲ. ನೀವು ಬೇರೆಯವರ ಆಟ ಆಡಿ, ಪ್ರತಿಕ್ರಿಯೆ ಬರೆದಷ್ಟೂ ನಿಮ್ಮ ಆಟ ಇತರರ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆ ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತಾರಲ್ಲ, ಹಾಗೆ. ಇವತ್ತು ನಿಮ್ಮ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀವು.

ಮೊದಮೊದಲು ನಾನು 'ಚೆನ್ನಾಗಿದೆ' ಎಂದು ಒಂದು ಪದ ಬರೆದು ಮುಂದೆ ಹೋಗುತ್ತಿದ್ದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಈಗ ಪ್ರತಿ ಆಟಕ್ಕೂ ಹದಿನೈದು ನಿಮಿಷ ಇಡುತ್ತೇನೆ. ಎಲ್ಲಿ ಸಿಕ್ಕಿಕೊಂಡೆ, ಆಗ ಏನಂದುಕೊಂಡೆ, ಯಾವ ಕೀ ಒತ್ತಿದೆ ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಹೀಗೆ ಮಾಡಿ, ಹಾಗೆ ಮಾಡಿ ಎಂಬ ಸಲಹೆಗಿಂತ ಆ ವರದಿ ಹೆಚ್ಚು ಕೆಲಸಕ್ಕೆ ಬರುತ್ತದೆ. ನನ್ನ ಆಟವನ್ನು ಉಳಿಸಿದ್ದೂ ಅಂಥದ್ದೇ ಒಂದು ಸಾಲು. ಪರದೆ ಕಪ್ಪಾಗಿದೆ ಎಂದವರು ನನಗೆ ಪರಿಹಾರ ಹೇಳಿರಲಿಲ್ಲ, ಕಂಡದ್ದನ್ನು ಹೇಳಿದ್ದರು.

ಹಾಗಾಗಿ ಸ್ಪರ್ಧೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನನ್ನ ಆಟವನ್ನು ಅಲ್ಲಿ ಯಾರಾದರೂ ಆಡುತ್ತಾರೆಯೇ? ಒಂದು ಕಡೆ ನಗದು ಬಹುಮಾನದ ಸ್ಪರ್ಧೆಗೆ ನಾವು ಮೂವರು ಗೆಳೆಯರು ಹೋಗಿದ್ದೆವು. ರಾತ್ರಿಯಿಡೀ ಕೂತು ಆಟ ಮುಗಿಸಿದೆವು. ಬೆಳಗ್ಗೆ ಬಂದ ತೀರ್ಪುಗಾರರು ಐದು ನಿಮಿಷ ಸ್ಲೈಡ್ ನೋಡಿ, ಮಾರುಕಟ್ಟೆ ಎಷ್ಟು ಎಂದು ಕೇಳಿ, ಎದ್ದು ಹೋದರು. ಯಾರ ಆಟವನ್ನೂ ಅವರು ಮುಟ್ಟಲಿಲ್ಲ. ಸೋತದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಇನ್ನೊಂದು ಎಚ್ಚರಿಕೆ: ಬಹುಮಾನದ ಸ್ಪರ್ಧೆಗಳ ಷರತ್ತುಗಳನ್ನು ಕೊನೆಯವರೆಗೂ ಓದಿ. ಸಲ್ಲಿಸಿದ ಆಟದ ಹಕ್ಕು ಯಾರದು ಎಂಬ ಸಾಲು ಎಲ್ಲೋ ಕೆಳಗಡೆ ಇರುತ್ತದೆ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಕನ್ನಡದ ಮಾತು ಮಾತ್ರ ಹೇಳಲೇಬೇಕು. ಆಟ ಕಟ್ಟುವ ತಂತ್ರಾಂಶವಾದ ಗೋಡೋ ಎಂಜಿನ್ನಿನ ಮೂರನೇ ಆವೃತ್ತಿಯಲ್ಲಿ ನಾನು 'ಅಕ್ಕ' ಎಂದು ಬರೆದರೆ ಪರದೆಯ ಮೇಲೆ ಕಕಾರದ ಒತ್ತು ಕೆಳಗೆ ಇಳಿಯದೆ, ಎರಡು ಕಕಾರಗಳು ಅಕ್ಕಪಕ್ಕ ನಿಲ್ಲುತ್ತಿದ್ದವು. ಇಡೀ ಸಂಭಾಷಣೆಯನ್ನು ಬೇರೆ ತಂತ್ರಾಂಶದಲ್ಲಿ ಬರೆದು, ಒಂದೊಂದು ಸಾಲನ್ನೂ ಚಿತ್ರ ಮಾಡಿ ಅಂಟಿಸಿದ ದಿನಗಳಿವೆ. ನಲವತ್ತೆಂಟು ಗಂಟೆಯಲ್ಲಿ ಆರು ಗಂಟೆ ಅದಕ್ಕೇ ಹೋಗುತ್ತಿತ್ತು. 2023ರ ಮಾರ್ಚಿನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆಯನ್ನೇ ಹೊಸದಾಗಿ ಬರೆದರು. ಈಗ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಬ್ರೌಸರಿನಲ್ಲಿ ಓಡುವ ಆಟಕ್ಕೆ ಈ ತೊಂದರೆ ಮೊದಲಿನಿಂದಲೂ ಇರಲಿಲ್ಲ. ಹಾಗಾಗಿ ಆಟದಲ್ಲಿ ಕನ್ನಡ ಬರೆಯಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. ಕೆಳಗೆ ಒಂದು ಸಾಲು ಇಂಗ್ಲಿಷ್ ಕೊಡಿ, ಆಡುವವರು ಎಲ್ಲೆಲ್ಲಿಂದಲೋ ಬರುತ್ತಾರೆ.

ಗಾತ್ರದ ವಿಷಯ. ಶನಿವಾರ ರಾತ್ರಿ ಮಲಗುವ ಮುಂಚೆ ನಿಮ್ಮ ಆಟ ಶುರುವಾಗಿ, ಗೆದ್ದು ಅಥವಾ ಸೋತು, ಮುಗಿಯುವಂತಿರಬೇಕು. ಪೆಟ್ಟಿಗೆಯ ಚಿತ್ರ ಇರಬೇಕಾದ ಕಡೆ ಬರೀ ಚೌಕ ಇದ್ದರೂ ಸರಿ. ಭಾನುವಾರ ಪೂರ್ತಿ ಅದನ್ನು ಚೆಂದ ಮಾಡಬಹುದು. ಅಳಗುಳಿಮನೆಯನ್ನು ನೋಡಿ. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆಬೀಜ. ನಿಯಮ ಹೇಳಲು ಎರಡು ನಿಮಿಷ. ಅಜ್ಜಿಯರು ಇಡೀ ಮಧ್ಯಾಹ್ನ ಆಡುತ್ತಿದ್ದರು. ಮತ್ತೆ, ದಯವಿಟ್ಟು ನಿದ್ದೆ ಮಾಡಿ. ಬೆಳಗಿನ ಜಾವ ಮೂರಕ್ಕೆ ಬರೆದ ಕೋಡನ್ನು ಎಂಟಕ್ಕೆ ಎದ್ದು ಅಳಿಸಿದ್ದೇ ಹೆಚ್ಚು.

ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳುತ್ತೇನೆ. ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಈ ಮೇಜಿನ ಮೇಲಿರುವ ಲ್ಯಾಪ್‌ಟಾಪಿನಲ್ಲಿ ಹೋದ ತಿಂಗಳು ನಾನು ಮುಗಿಸಿದ ಹೊಸ ಆಟ ಇದೆ. ಇದುವರೆಗೆ ಯಾರೂ ಆಡಿಲ್ಲ. ನಿಮ್ಮಲ್ಲಿ ಒಬ್ಬರು ಬಂದು ಆಡಬೇಕು, ಮಿಕ್ಕವರು ಹಿಂದಿನ ಪರದೆಯಲ್ಲಿ ನೋಡಬಹುದು. ಎಲ್ಲಿ ಸಿಕ್ಕಿಕೊಂಡಿರಿ, ಆಗ ಏನಂದುಕೊಂಡಿರಿ ಎಂದು ಗಟ್ಟಿಯಾಗಿ ಹೇಳುತ್ತಾ ಆಡಿ. ನಾನು ಪಕ್ಕದ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತೇನೆ, ಹತ್ತು ನಿಮಿಷ ಬಾಯಿ ಬಿಡುವುದಿಲ್ಲ. ಬನ್ನಮ್ಮಾ, ಮೂರನೇ ಸಾಲಿನಲ್ಲಿ ಕೈ ಎತ್ತಿದಿರಲ್ಲ, ನೀವೇ ಬನ್ನಿ.