ಕುಂಬಳದ ಬಳ್ಳಿಯಲ್ಲಿ ಔಷಧಗುಣದ ಪ್ರೋಟೀನು

ಕೇಳುಗರಿಗೆ ನಮಸ್ಕಾರ.

ಸೌತೆ, ಕುಂಬಳ, ಕಲ್ಲಂಗಡಿ ಬೆಳೆಯುವ ರೈತರಿಗೆ ನಂಜುರೋಗದ ಪರಿಚಯ ಹೇಳಬೇಕಾಗಿಲ್ಲ. ಎಲೆ ಹಳದಿಗಟ್ಟಿ ಮುರುಟುತ್ತದೆ, ಕಾಯಿ ಗಂಟುಗಂಟಾಗಿ ಸೊಟ್ಟಗಾಗುತ್ತದೆ. ಈ ರೋಗ ತರುವ ವೈರಸ್‌ಗಳಲ್ಲಿ ಜುಕಿನಿ ಹಳದಿ ಮೊಸಾಯಿಕ್ ವೈರಸ್ ಒಂದು. ಇಸ್ರೇಲಿನ ಸಸ್ಯವಿಜ್ಞಾನಿಗಳು ಇದೇ ವೈರಸ್ಸನ್ನು ಪಳಗಿಸಿ, ಅದರ ಮೂಲಕ ಕುಂಬಳ ಜಾತಿಯ ಗಿಡಗಳಲ್ಲಿ ಔಷಧಗುಣವುಳ್ಳ ಪ್ರೋಟೀನುಗಳನ್ನು ತಯಾರಿಸಿದ ಕೆಲಸವನ್ನು ಇಂದು ವಿವರಿಸಬಯಸುತ್ತೇನೆ.

ಈ ವೈರಸ್ಸಿನ ಆನುವಂಶಿಕ ವಸ್ತು ಸುಮಾರು 9,600 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಳೆ. ಜೀವಕೋಶವನ್ನು ಹೊಕ್ಕೊಡನೆ ಅದು ಒಂದೇ ಉದ್ದನೆಯ ಪ್ರೋಟೀನನ್ನು ಹೆಣೆಯಿಸುತ್ತದೆ; ಆಮೇಲೆ ವೈರಸ್ಸಿನದೇ ಕಿಣ್ವಗಳು ಅದನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸಿ ಬಿಡಿಬಿಡಿ ಪ್ರೋಟೀನುಗಳನ್ನಾಗಿ ಮಾಡುತ್ತವೆ. ವಿಜ್ಞಾನಿಗಳು ಹೊರಗಿನ ವಂಶವಾಹಿಯನ್ನು ಈ ಎಳೆಯೊಳಗೆ, ಹೊರಕವಚದ ಪ್ರೋಟೀನಿಗೆ ಸಂಬಂಧಿಸಿದ ಭಾಗ ಶುರುವಾಗುವುದಕ್ಕೆ ತುಸು ಮೊದಲು ಸೇರಿಸಿ, ಅದರ ಎರಡೂ ಬದಿಗೆ ಅದೇ ಕತ್ತರಿಸುವ ಗುರುತುಗಳನ್ನಿಟ್ಟರು. ಹೀಗಾಗಿ ಬೇಕಾದ ಪ್ರೋಟೀನು ವೈರಸ್ಸಿನ ಪ್ರೋಟೀನುಗಳೊಡನೆಯೇ ತಯಾರಾಗಿ, ಬೇರೆಯಾಗಿ ಬಿಡುಗಡೆಯಾಗುತ್ತದೆ. ಗಿಡದ ಸ್ವಂತ ವಂಶವಾಹಿಗಳನ್ನು ಮುಟ್ಟಬೇಕಾಗಿಲ್ಲ. ಕುಲಾಂತರಿ ತಳಿಯನ್ನು ರೂಪಿಸಲು ಹಿಡಿಯುವ ದೀರ್ಘ ಕಾಲವೂ ಬೇಕಿಲ್ಲ.

ಆದರೆ ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದಕ್ಕೂ ಮೊದಲು ವಹಿಸಿದ ಎಚ್ಚರ. ಹೊಲದಲ್ಲಿ ಈ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು. ಹೊರಕವಚದ ಪ್ರೋಟೀನಿನ ಒಂದು ಗೊತ್ತಾದ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹೇನಿಗೆ ಅದನ್ನು ಹೊತ್ತೊಯ್ಯಲಾಗುವುದಿಲ್ಲ. ಇನ್ನೊಂದು ಪ್ರೋಟೀನಿನಲ್ಲಿ ಮಾಡಿದ ಅಂಥದೇ ಸಣ್ಣ ಬದಲಾವಣೆಯಿಂದ ರೋಗಲಕ್ಷಣಗಳೂ ತಗ್ಗಿದವು. ಬಳ್ಳಿಯನ್ನು ಹಾಳುಮಾಡದ, ನೆರೆಹೊಲಕ್ಕೆ ಹೇನಿನ ಮೂಲಕ ಹರಡದ ವಾಹಕ, ಅಂದರೆ ಹೊರಗಿನ ವಂಶವಾಹಿಯನ್ನು ಗಿಡದೊಳಕ್ಕೆ ಹೊತ್ತೊಯ್ಯುವ ವೈರಸ್, ಹೀಗೆ ಸಿದ್ಧವಾಯಿತು.

ಈ ವಾಹಕದಿಂದ ಎಂಎಪಿ 30 ಎಂಬ ಪ್ರೋಟೀನನ್ನು ಉತ್ಪಾದಿಸಿದ ವರದಿ 2002ರಲ್ಲಿ ಪ್ರಕಟವಾಯಿತು. ಈ ಪ್ರೋಟೀನಿನ ಮೂಲ ನಮ್ಮ ಅಡುಗೆಮನೆಗೆ ಚಿರಪರಿಚಿತವಾದ ಹಾಗಲಕಾಯಿ. ಅದರ ಬೀಜದಿಂದ ಬೇರ್ಪಡಿಸಿದ ಈ ಪ್ರೋಟೀನು ಪ್ರಯೋಗಾಲಯದಲ್ಲಿ ಎಚ್‌ಐವಿಯ ವಿರುದ್ಧ ಕೆಲಸ ಮಾಡುವುದು ಕಂಡುಬಂದಿತ್ತು. ಹಾಗೆಂದು ಹಾಗಲಕಾಯಿಯ ರಸ ಕುಡಿದರೆ ಎಚ್‌ಐವಿ ವಾಸಿಯಾಗುತ್ತದೆಂದು ಯಾರೂ ದಯವಿಟ್ಟು ಭಾವಿಸಬಾರದು, ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಲೂಬಾರದು. ಗಾಜಿನ ತಟ್ಟೆಯಲ್ಲಿನ ಜೀವಕೋಶಗಳಲ್ಲಿ ಕಂಡ ಫಲಿತಾಂಶಕ್ಕೂ ರೋಗಿಯ ಚಿಕಿತ್ಸೆಗೂ ನಡುವೆ ಬಹಳ ಅಂತರವಿದೆ.

ತಂಬಾಕಿನ ಜಾತಿಯ ಗಿಡಗಳಲ್ಲೂ ವೈರಸ್ ವಾಹಕಗಳನ್ನು ಬಳಸುತ್ತಾರೆ. ಅಲ್ಲಿ ನಿಕೋಟಿನ್‌ನಂಥ ವಸ್ತುಗಳನ್ನು ತೆಗೆದುಹಾಕಬೇಕು. ತಿನ್ನುವ ಕಾಯಿಗೆ ಆ ತೊಡಕಿಲ್ಲ. ಹಾಗಾದರೆ ಕಾಯಿಯನ್ನೇ ಔಷಧವಾಗಿ ತಿನ್ನಬಹುದಲ್ಲ ಎಂಬ ಪ್ರಶ್ನೆ ಸಹಜ. ನನ್ನ ಮಟ್ಟಿಗೆ ಅದು ಅವಸರದ ಆಸೆ. ಒಂದೇ ಬಳ್ಳಿಯ ಎರಡು ಕಾಯಿಗಳಲ್ಲಿ ಪ್ರೋಟೀನಿನ ಪ್ರಮಾಣ ಒಂದೇ ಇರುವುದಿಲ್ಲ. ಹೊಟ್ಟೆಯ ಆಮ್ಲ ಮತ್ತು ಕಿಣ್ವಗಳು ಬಹುಪಾಲು ಪ್ರೋಟೀನನ್ನು ಒಡೆದುಹಾಕುತ್ತವೆ. ಅಲ್ಲದೆ ವೈರಸ್ ಮರಿಮಾಡುತ್ತ ಹೋದಂತೆ ತನಗೆ ಬೇಡವಾದ ಹೊರಗಿನ ವಂಶವಾಹಿಯನ್ನು, ಅದು ಉದ್ದವಾಗಿದ್ದಷ್ಟೂ ಬೇಗ, ಕಳಚಿಕೊಳ್ಳುವ ಸಂಭವವಿದೆ. ಆದುದರಿಂದ ಕಾಯಿಯನ್ನು ಕಾರ್ಖಾನೆಯೆಂದು ಬಗೆದು, ಮುಚ್ಚಿದ ಹಸಿರುಮನೆಯಲ್ಲಿ ಬೆಳೆದು, ಪ್ರೋಟೀನನ್ನು ಶುದ್ಧೀಕರಿಸಿ, ಅಳೆದು, ಪರೀಕ್ಷಿಸಿದ ಮೇಲೆಯೇ ಔಷಧದ ಮಾತನ್ನಾಡುವುದು ಸರಿಯಾದ ದಾರಿ.

ನಮಸ್ಕಾರ.