ಕೊನೆಯ ಹತ್ತು ಕಿಲೋಮೀಟರ್

ಎಲ್ಲರಿಗೂ ನಮಸ್ಕಾರ.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ 9.2 ಇಂಚಿನ ಹೌವಿಟ್ಜರ್ ಎಂಬ ಫಿರಂಗಿ ಹಾರಿಸುತ್ತಿದ್ದ ಒಂದೊಂದು ಗುಂಡಿನ ತೂಕ ಸುಮಾರು 131 ಕಿಲೋ. ಎರಡು ಸಿಮೆಂಟ್ ಮೂಟೆ ಹೊತ್ತ ಮೇಲೆ ಇನ್ನೂ ಮೂವತ್ತು ಕಿಲೋ ಹೊತ್ತ ಹಾಗೆ. ಅದನ್ನು ಇಂಗ್ಲೆಂಡಿನ ಕಾರ್ಖಾನೆಯಿಂದ ಹಡಗಿಗೆ, ಹಡಗಿನಿಂದ ಫ್ರಾನ್ಸಿನ ಬಂದರಿಗೆ, ಅಲ್ಲಿಂದ ದೊಡ್ಡ ರೈಲಿನಲ್ಲಿ ಯುದ್ಧಭೂಮಿಯ ಹತ್ತಿರದ ನಿಲ್ದಾಣಕ್ಕೆ ತರುವುದು ಗೊತ್ತಿದ್ದ ಕೆಲಸ. ಪೇಚಾಟ ಶುರುವಾಗುವುದು ಅಲ್ಲಿಂದಾಚೆಗೆ. ದೊಡ್ಡ ರೈಲು ಶತ್ರುವಿನ ಫಿರಂಗಿಗೆ ಎಟುಕದಷ್ಟು ಹಿಂದೆಯೇ ನಿಲ್ಲಬೇಕು. ಅಲ್ಲಿಂದ ಮುಂದಕ್ಕೆ ಹತ್ತು ಕಿಲೋಮೀಟರೋ ಹೆಚ್ಚೋ, ಕೆಸರು, ಗುಂಡಿ, ಕತ್ತಲೆ. ಇವತ್ತು ನಾನು ಮಾತಾಡುವುದು ಆ ಹತ್ತು ಕಿಲೋಮೀಟರಿನ ಬಗ್ಗೆ ಮಾತ್ರ.

ಅದಕ್ಕೆ ಸಿಕ್ಕ ಉತ್ತರ ಹೊಲದಿಂದ ಬಂತು ಎಂಬುದು ನನಗೆ ಈಗಲೂ ಸೋಜಿಗ. 1870ರ ದಶಕದಲ್ಲಿ ಪ್ಯಾರಿಸ್ ಹತ್ತಿರ ಪಾಲ್ ಡೆಕೋವಿಲ್ ಎಂಬಾತ ತನ್ನ ಜಮೀನಿನಲ್ಲಿ ಬೆಳೆದ ಸಕ್ಕರೆ ಬೀಟನ್ನು ಹಸಿ ನೆಲದಿಂದ ಹೊರಗೆ ಸಾಗಿಸಲಾಗದೆ, ಎತ್ತಿ ಇಡಬಹುದಾದ ಪುಟ್ಟ ಹಳಿಗಳನ್ನು ಮಾಡಿಸಿದ. ಎರಡು ಹಳಿ, ಅವಕ್ಕೆ ಕಾರ್ಖಾನೆಯಲ್ಲೇ ಜೋಡಿಸಿದ ಉಕ್ಕಿನ ಸ್ಲೀಪರು, ಅಷ್ಟೇ. ಏಣಿಯನ್ನು ನೆಲದ ಮೇಲೆ ಮಲಗಿಸಿದ ಹಾಗೆ. ಫ್ರೆಂಚ್ ಫಿರಂಗಿ ದಳದ ಅಧಿಕಾರಿ ಪ್ರೊಸ್ಪೇರ್ ಪೆಶೋ ಇದನ್ನು ಸೈನ್ಯಕ್ಕೆ ಒಗ್ಗಿಸಿದ. 60 ಸೆಂಟಿಮೀಟರ್ ಗೇಜ್, ಅಂದರೆ ಹೆಚ್ಚುಕಡಿಮೆ ನಮ್ಮ ಡಾರ್ಜಿಲಿಂಗ್, ಮಾಥೇರಾನ್ ರೈಲುಗಳ ಅಗಲ. ಐದು ಮೀಟರಿನ ಒಂದು ತುಂಡು 167 ಕಿಲೋ, ನಾಲ್ಕು ಜನ ಹೆಗಲು ಕೊಟ್ಟರೆ ಎದ್ದಿತು. 1888ರಲ್ಲಿ ಫ್ರೆಂಚ್ ಸೈನ್ಯ ಇದನ್ನು ಒಪ್ಪಿಕೊಂಡು ವರ್ಡನ್, ಟೂಲ್, ಬೆಲ್ಫೋರ್ ಕೋಟೆಗಳ ಸುತ್ತ ಬಳಸತೊಡಗಿತು. ಜರ್ಮನ್ನರೂ ಸುಮ್ಮನಿರಲಿಲ್ಲ. ಅದೇ ಅಗಲದ ಹಳಿ, ಅದರ ಮೇಲೆ ಎಂಟು ಚಕ್ರದ ಗಿಡ್ಡ ಎಂಜಿನ್. ಅದನ್ನು ಬ್ರಿಗೇಡ್‌ಲೋಕ್ ಎನ್ನುತ್ತಿದ್ದರು. ಅಂಥವು ಎರಡೂವರೆ ಸಾವಿರಕ್ಕೂ ಹೆಚ್ಚು ತಯಾರಾದವು.

ಬ್ರಿಟಿಷರು ಮಾತ್ರ ಇದರ ಗೊಡವೆಗೆ ಹೋಗಲಿಲ್ಲ. ಅವರ ಲೆಕ್ಕದಲ್ಲಿ ಯುದ್ಧವೆಂದರೆ ಓಡಾಟ. ಇವತ್ತು ಇಲ್ಲಿದ್ದ ಸೈನ್ಯ ನಾಳೆ ಇನ್ನೆಲ್ಲೋ. ಹಳಿ ಹಾಕಿ ಕೂರುವವರು ಯಾರು? ರೈಲಿನಿಂದ ಲಾರಿಗೆ, ಲಾರಿಯಿಂದ ಕುದುರೆ ಗಾಡಿಗೆ, ಸಾಕು ಎಂದುಕೊಂಡರು. ಯುದ್ಧ ಕಂದಕದಲ್ಲಿ ಹೂತುಕೊಂಡು ಎರಡು ವರ್ಷವಾದರೂ ಅದೇ ಪಟ್ಟು. 1916ರ ಜೂನ್ 24ರಿಂದ ಒಂದು ವಾರ, ಫ್ರಾನ್ಸಿನ ಸೋಮ್ ನದಿಯ ಬಳಿಯ ಕದನಕ್ಕೆ ಮುನ್ನ, ಬ್ರಿಟಿಷ್ ಫಿರಂಗಿಗಳು ಹದಿನೈದು ಲಕ್ಷದಷ್ಟು ಗುಂಡು ಹಾರಿಸಿದವು. ಅವು ಫಿರಂಗಿಗಳವರೆಗೆ ಸಾಗಿ ಬಂದದ್ದು ಹೆಚ್ಚಾಗಿ ಹಳ್ಳಿ ರಸ್ತೆಗಳ ಮೇಲೆ. ಶರತ್ಕಾಲದ ಮಳೆ ಹಿಡಿದಾಗ ಆ ರಸ್ತೆಗಳು ಕಿತ್ತು ಕಲಸಿದ ಗದ್ದೆಯಾದವು. ರಸ್ತೆ ರಿಪೇರಿಗೆ ಕಲ್ಲು ಬೇಕು, ಕಲ್ಲು ತರಲು ಲಾರಿ ಬೇಕು, ಲಾರಿ ಓಡಿದರೆ ರಸ್ತೆ ಮತ್ತೆ ಹಾಳು.

ಆಗ ಯುದ್ಧ ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ಒಬ್ಬ ರೈಲ್ವೆ ಮನುಷ್ಯನನ್ನು ಕಳಿಸಿದರು. ಎರಿಕ್ ಗೆಡ್ಡಿಸ್, ನಾರ್ತ್ ಈಸ್ಟರ್ನ್ ರೈಲ್ವೆಯ ಅಧಿಕಾರಿ, ಬಂದೂಕು ಹಿಡಿದವರಲ್ಲ. ದಿನಕ್ಕೆ ಎಷ್ಟು ಟನ್, ಎಲ್ಲಿಂದ ಎಲ್ಲಿಗೆ ಎಂಬ ಗುಮಾಸ್ತೆಯ ಪ್ರಶ್ನೆ ಅವರದು. ಹಳೆಯ ಸೇನಾಧಿಕಾರಿಗಳಿಗೆ ಇರಿಸುಮುರಿಸಾಯಿತು, ಆದರೆ ದಂಡನಾಯಕ ಹೇಗ್ ಗೆಡ್ಡಿಸ್ ಬೆನ್ನಿಗೆ ನಿಂತರು. ಮೇಜರ್ ಜನರಲ್ ಹುದ್ದೆಯೂ ಸಿಕ್ಕಿತು. ನನ್ನ ಮಟ್ಟಿಗೆ ಈ ಯುದ್ಧದ ನಿಜವಾದ ತಿರುವುಗಳಲ್ಲಿ ಇದೂ ಒಂದು. ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ, ಅಷ್ಟೇ. ಕೊನೆಗೆ ಬ್ರಿಟಿಷರೂ ಆ ಪುಟ್ಟ ಹಳಿಗೇ ಬಂದರು. ಅಮೆರಿಕದ ಬಾಲ್ಡ್‌ವಿನ್ ಕಂಪನಿಯೊಂದೇ ಬ್ರಿಟಿಷರಿಗೆ 495 ಪುಟ್ಟ ಎಂಜಿನ್ ಮಾಡಿಕೊಟ್ಟಿತು. ಎತ್ತರದ ಮೈಕಟ್ಟು, ಕಿರಿದಾದ ಹಳಿ. ಹಾಗಾಗಿ ಮಗುಚುವುದರಲ್ಲಿ ಅವು ಹೆಸರುವಾಸಿ. ಮಗುಚಿದರೆ ಸುತ್ತ ಇದ್ದವರೆಲ್ಲ ಸೇರಿ ಎತ್ತಿ ನಿಲ್ಲಿಸುವುದು, ಮತ್ತೆ ಹೊರಡುವುದು. ನೀರು ಮುಗಿದರೆ ಎಂಜಿನ್ನಿಗೇ ಜೋಡಿಸಿದ ಕೊಳವೆಯನ್ನು ಹಳ್ಳಕ್ಕೋ, ಗುಂಡು ಬಿದ್ದು ನೀರು ನಿಂತ ಗುಂಡಿಗೋ ಇಳಿಬಿಟ್ಟು ಹೀರಿಸುವುದು.

ಆದರೆ ಉಗಿ ಎಂಜಿನ್ ಪೂರ್ತಿ ಮುಂದಕ್ಕೆ ಹೋಗುವಂತಿಲ್ಲ. ಹಗಲಲ್ಲಿ ಹೊಗೆ ಕಾಣುತ್ತದೆ, ರಾತ್ರಿ ಕಿಡಿ ಕಾಣುತ್ತದೆ. ಒಂದು ಹಂತದಲ್ಲಿ ಅದನ್ನು ಬಿಚ್ಚಿ ಪೆಟ್ರೋಲ್ ಟ್ರ್ಯಾಕ್ಟರ್ ಜೋಡಿಸುತ್ತಿದ್ದರು. ಸಿಂಪ್ಲೆಕ್ಸ್ ಎಂದು ಅದರ ಹೆಸರು, 20 ಅಶ್ವಶಕ್ತಿಯದೊಂದು, 40ರದೊಂದು. ಚಾಲಕ ಅದರಲ್ಲಿ ಅಡ್ಡಲಾಗಿ ಕೂರುತ್ತಿದ್ದ, ಹಿಂದಕ್ಕೂ ಮುಂದಕ್ಕೂ ಕತ್ತು ತಿರುಗಿಸಿದರೆ ಸಾಕು. ಗೇರು ಎರಡೂ ದಿಕ್ಕಿಗೆ ಒಂದೇ ವೇಗ ಕೊಡುತ್ತಿತ್ತು. ಯಾಕೆ ಹೇಳಿ? ಶತ್ರುವಿನ ಮುಂದೆ ಎಂಜಿನ್ ತಿರುಗಿಸಿ ನಿಲ್ಲಿಸಲು ಸಮಯವೂ ಇಲ್ಲ, ಜಾಗವೂ ಇಲ್ಲ. ಕೆಲವಕ್ಕೆ ಉಕ್ಕಿನ ಕವಚವೂ ಇತ್ತು. ಅದಕ್ಕಿಂತ ಮುಂದೆ, ಕಂದಕಗಳ ಹತ್ತಿರ, ಟ್ರಾಮ್‌ವೇ ಶುರು. ಅಲ್ಲಿ ಎಂಜಿನ್ನೇ ಇಲ್ಲ, ಹೇಸರಗತ್ತೆ ಅಥವಾ ಮನುಷ್ಯ. ಮುಂದಕ್ಕೆ ನೀರು, ರೊಟ್ಟಿ, ಗುಂಡು. ಹಿಂದಕ್ಕೆ ಬರುವಾಗ ಅದೇ ತಳ್ಳುಗಾಡಿಯಲ್ಲಿ ಗಾಯಾಳುಗಳು.

ಹೆಚ್ಚಿನ ಓಡಾಟ ರಾತ್ರಿಯೇ, ದೀಪವಿಲ್ಲದೆ. ಗುಂಡು ಬಿದ್ದು ಹಳಿ ಹಾರಿದರೆ ಗ್ಯಾಂಗಿನವರು ಗುಂಡಿ ಮುಚ್ಚಿ, ಸೊಟ್ಟಗಾದ ತುಂಡನ್ನು ಬದಿಗೆಸೆದು, ಹೊಸದನ್ನಿಟ್ಟು ಬೋಲ್ಟ್ ಬಿಗಿಯುತ್ತಿದ್ದರು. ರಸ್ತೆ ಸರಿಮಾಡುವುದಕ್ಕೆ ಹೋಲಿಸಿದರೆ ಇದು ಚಿಟಿಕೆ ಹೊಡೆದಷ್ಟು ಬೇಗ. 1917ರಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಸುತ್ತಲಿನ ಕೆಸರಿನಲ್ಲಿ ಈ ಕೆಲಸ ನಡೆದದ್ದು ನೆನೆದರೆ ಮೈ ಜುಮ್ಮೆನ್ನುತ್ತದೆ. ಶತ್ರುವಿಗೂ ಹಳಿ ಎಲ್ಲಿದೆ ಎಂದು ವಿಮಾನದಿಂದ ಕಾಣುತ್ತಿತ್ತು. ಹಳಿ ಮುಗಿಯುವ ಕಡೆ ಫಿರಂಗಿ ಇರಲೇಬೇಕೆಂದು ಊಹಿಸುವುದು ಅವರಿಗೆ ಕಷ್ಟವಾಗಲಿಲ್ಲ.

ಈ ರೈಲಿನ ಶಕ್ತಿ ಇದ್ದದ್ದು ಯುದ್ಧ ಅಲುಗಾಡದೆ ನಿಂತಿದ್ದರಲ್ಲಿ. 1918ರ ಮಾರ್ಚ್ 21ರಂದು ಜರ್ಮನ್ನರು ನುಗ್ಗಿದಾಗ ಸೋಮ್ ಸುತ್ತಲಿನ ಹಳಿಗಳು ಮೈಲಿಗಟ್ಟಲೆ ಅವರ ಪಾಲಾದವು. ಆಗಸ್ಟಿನಿಂದಾಚೆ ಬ್ರಿಟಿಷರು ಮುನ್ನುಗ್ಗಿದಾಗ ಹಳಿ ಹಾಕುವವರು ಹಿಂದುಳಿದರು, ಮತ್ತೆ ಲಾರಿಗಳೇ ಗತಿ. ಮೊದಲಿನ ಬ್ರಿಟಿಷ್ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ ಅನ್ನಿ, ನಾಲ್ಕು ವರ್ಷ ಮೊದಲೇ ಹಾಕಿಬಿಟ್ಟಿದ್ದರು.

ಯುದ್ಧ ಮುಗಿದ ಮೇಲೆ ಇಷ್ಟೊಂದು ಹಳಿ, ಎಂಜಿನ್ ಏನು ಮಾಡುವುದು? ಹಾಳಾದ ಊರುಗಳನ್ನು ಕಟ್ಟಲು ಇಟ್ಟಿಗೆ ಹೊರಲು ಒಂದಷ್ಟು ಬಳಕೆಯಾಯಿತು. ಸೋಮ್ ತೀರದ ಫ್ರೋಯಿಸಿ ಬಳಿ 1916ರಲ್ಲಿ ಹಾಕಿದ ಒಂದು ಮಾರ್ಗ ಆಮೇಲೆ ದೋಂಪಿಯೇರ್‌ನ ಸಕ್ಕರೆ ಕಾರ್ಖಾನೆಗೆ ದುಡಿಯಿತು. ಈಗ ಅಲ್ಲಿ ಪ್ರವಾಸಿಗರ ರೈಲು ಓಡುತ್ತದೆ. ಬಾಲ್ಡ್‌ವಿನ್ ಎಂಜಿನ್ನುಗಳಲ್ಲಿ ಒಂದಷ್ಟು ಭಾರತಕ್ಕೂ ಬಂದವು. ಬೀಟಿನ ಹೊಲದಿಂದ ಹೊರಟ ಹಳಿ, ಉತ್ತರ ಪ್ರದೇಶದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಜೊತೆ ಸೇರಿಕೊಂಡಿತು. ಅಲ್ಲಿ ದಶಕಗಟ್ಟಲೆ ದುಡಿದು ತುಕ್ಕು ಹಿಡಿದವುಗಳಲ್ಲಿ ಕೆಲವನ್ನು ಬ್ರಿಟನ್ನಿನ ರೈಲು ಪ್ರೇಮಿಗಳು ಹುಡುಕಿಕೊಂಡು ಬಂದು, ಮತ್ತೆ ಹಡಗಿಗೆ ಹತ್ತಿಸಿ ಕರೆದೊಯ್ದಿದ್ದಾರೆ.