ಮಿಂಟ್ ಇನ್‌ಸ್ಟಾಲ್: ಆ ಹತ್ತು ಸೆಕೆಂಡಿನ ನೀಲಿ ಸ್ಕ್ರೀನ್

ಈ ವೀಡಿಯೋದಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸೋ ಆಪರೇಟಿಂಗ್ ಸಿಸ್ಟಮ್) ಹಾಕ್ತಿದೀವಿ. ಪೆನ್‌ಡ್ರೈವ್ ಚುಚ್ಚೋದು, ಭಾಷೆ ಆರಿಸೋದು ಕಾಣ್ತಾನೇ ಇದೆ, ಓಡಿಸಿಬಿಡೋಣ. ಹಾಂ, ಇಲ್ಲಿ ವೀಡಿಯೋ ನಿಲ್ಲಿಸಿ. ‘ಇರೇಸ್ ಡಿಸ್ಕ್’ ಕೆಳಗೆ ‘ಅಡ್ವಾನ್ಸ್ಡ್ ಫೀಚರ್ಸ್’ ಅಂತ ಬಟನ್ ಇದೆ. ಎಲ್‌ವಿಎಂ (ಡಿಸ್ಕ್ ಜಾಗ ಹಂಚೋ ವ್ಯವಸ್ಥೆ) ಆರಿಸಿ, ಎನ್‌ಕ್ರಿಪ್ಷನ್‌ಗೆ, ಅಂದ್ರೆ ಡಿಸ್ಕಿಗೆ ಬೀಗ ಹಾಕೋದಕ್ಕೆ, ಟಿಕ್ ಹಾಕಿ. ಈಗ ಮರೆತ್ರೆ ಆಮೇಲೆ ಸುಲಭದ ದಾರಿ ಇಲ್ಲ, ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡ್ಬೇಕು.

ಆ ಬೀಗ ತೆರೆಯೋ ಪಾಸ್‌ಫ್ರೇಸ್‌ಗೆ (ಉದ್ದನೆ ಪಾಸ್‌ವರ್ಡ್) ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ಪದ ಸಾಕು. ಮರೆತ್ರೆ ಮಾತ್ರ ಡಿಸ್ಕ್ ತೆಗೆದುಕೊಡೋರು ಯಾರೂ ಇಲ್ಲ. ವಿಂಡೋಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆದ್ರೆ 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಕೂರುತ್ತೆ. ಮರೆತೋರಿಗೆ ಪ್ರಾಣ ಉಳಿಸೋ ಸೌಕರ್ಯ ಅದು, ಆದ್ರೆ ನಿಮ್ಮ ಬೀಗದ ಕೀ ಕಂಪನಿ ಹತ್ರಾನೂ ಇದೆ ಅಂತಾಯ್ತು. ನನಗದು ಒಪ್ಪಿಗೆ ಇಲ್ಲ. ಪದೇ ಪದೇ ಪಾಸ್‌ವರ್ಡ್ ಮರೆಯೋರ ಲ್ಯಾಪ್‌ಟಾಪ್ ಆದ್ರೆ, ಸರಿ, ವಿಂಡೋಸೇ ಇರ್ಲಿ. ಅಲ್ಲಿ ಸೆಟ್ಟಿಂಗ್ಸ್‌ನ ‘ಡಯಾಗ್ನಾಸ್ಟಿಕ್ಸ್’ಗೆ ಹೋಗಿ, ಮೈಕ್ರೋಸಾಫ್ಟ್‌ಗೆ ಹೋಗೋ ಆಪ್ಷನಲ್ ಡೇಟಾ ಆಫ್ ಮಾಡಿ. ‘ರಿಕ್ವೈರ್ಡ್’ ಅನ್ನೋದು ಹೋಮ್‌ನಲ್ಲೂ ಪ್ರೊನಲ್ಲೂ ಆಫ್ ಆಗಲ್ಲ. ಎಂಟರ್‌ಪ್ರೈಸ್‌ನೋರಿಗೆ ಆಗುತ್ತೆ, ಮನೇಲಿ ಬಳಸೋರಿಗೆ ಯಾಕಾಗಬಾರದು?... ಅರೆ, ಇನ್‌ಸ್ಟಾಲ್ ಮುಗಿದೇಬಿಡ್ತು.

ಈಗ ಡ್ರೈವರ್ ಮ್ಯಾನೇಜರ್, ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್. ಸೆಕ್ಯೂರ್ ಬೂಟ್ (ನಂಬಿಕಸ್ತ ಸಹಿ ಇರೋ ಸಾಫ್ಟ್‌ವೇರನ್ನ ಮಾತ್ರ ಶುರುವಾಗೋಕೆ ಬಿಡೋ ಕಾವಲು) ಆನ್ ಇರೋದ್ರಿಂದ ಒಂದು ಪಾಸ್‌ವರ್ಡ್ ಕೇಳ್ತಿದೆ, ಕಡೇಪಕ್ಷ 8 ಅಕ್ಷರ. ಚಿಹ್ನೆಗಿಹ್ನೆ ಬೇಡ, ಬರೀ ಅಕ್ಷರ, ಅಂಕಿ. ಮುಂದಿನ ಸ್ಕ್ರೀನು ಕೀಬೋರ್ಡನ್ನ ಅಮೆರಿಕನ್ ಲೇಔಟ್ ಅಂತಲೇ ಓದುತ್ತೆ, ಚಿಹ್ನೆ ಜಾಗ ಬದಲಾಗಿರಬಹುದು.

ರೀಬೂಟ್. ನೋಡಿ, ನೀಲಿ ಸ್ಕ್ರೀನ್! ಕ್ರ್ಯಾಶ್ ಅಲ್ಲ. ಆದ್ರೆ ಇರೋದು ಹತ್ತೇ ಸೆಕೆಂಡ್, ಯಾವುದಾದ್ರೂ ಕೀ ಒತ್ತಬೇಕು. ಟೀ ತರೋಕೆ ಎದ್ದು ಹೋದ್ರೆ ಅದು ಸದ್ದಿಲ್ಲದೆ ಮುಂದೆ ಬೂಟ್ ಆಗುತ್ತೆ. ಆಮೇಲೆ ರೆಸಲ್ಯೂಷನ್ ಕೆಟ್ಟಿರುತ್ತೆ, ಎರಡನೇ ಮಾನಿಟರ್ ಹತ್ತಲ್ಲ, ಜನ ಲಿನಕ್ಸ್‌ಗೆ ಬೈತಾರೆ. ಕಾರಣ ಇಷ್ಟೇ: ಡ್ರೈವರ್‌ಗೆ ಸಹಿ ಹಾಕಿರೋದು ಈ ಮಷೀನೇ ಈಗ ತಯಾರಿಸಿದ ಡಿಜಿಟಲ್ ಕೀ. ಆ ಕೀನ ಒಪ್ಕೊಂಡಿದೀವಿ ಅಂತ ನಾವು ಹೇಳೋವರೆಗೂ ಕರ್ನಲ್ (ಲಿನಕ್ಸ್‌ನ ತಿರುಳು) ಆ ಡ್ರೈವರನ್ನ ಒಳಗೆ ಬಿಟ್ಕೊಳ್ಳಲ್ಲ. ಎನ್‌ರೋಲ್ ಎಂಓಕೆ (ಮಷೀನ್ ಓನರ್ ಕೀ, ಅಂದ್ರೆ ಆ ಕೀನೇ), ಕಂಟಿನ್ಯೂ, ಯೆಸ್, ಅದೇ ಪಾಸ್‌ವರ್ಡ್, ರೀಬೂಟ್. ಹತ್ತು ಸೆಕೆಂಡ್ ಯಾಕೆ ಇಟ್ರು ಅಂತ ನನಗಂತೂ ಅರ್ಥ ಆಗಲ್ಲ, ಕೀ ಒತ್ತೋವರೆಗೂ ಕಾದಿದ್ರೆ ಏನಾಗ್ತಿತ್ತು? ತಪ್ಪಿಹೋದ್ರೆ ಮೋಕ್‌ಯುಟಿಲ್ ಇಂಪೋರ್ಟ್ ಕಮಾಂಡ್ ಸ್ಕ್ರೀನ್ ಮೇಲಿದೆ, ಅದು ಇನ್ನೊಂದು ಅವಕಾಶ ಕೊಡುತ್ತೆ.

‘ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ’ ಅಂತಾರೆ. ಬೇಡ. ಡ್ಯುಯಲ್ ಬೂಟ್ ಇದ್ರೆ, ಅಂದ್ರೆ ಅದೇ ಮಷೀನಲ್ಲಿ ವಿಂಡೋಸೂ ಇದ್ರೆ, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆ 48 ಅಂಕಿ ಕೇಳಿ ಕೂರಬಹುದು. ಹಾಗಂತ ಸೆಕ್ಯೂರ್ ಬೂಟ್ ದೊಡ್ಡ ಕೋಟೆಯೂ ಅಲ್ಲ, ಇಲ್ಲಿ ಅದು ಕರ್ನಲನ್ನ ಪರೀಕ್ಷಿಸುತ್ತೆ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಪಾಸ್‌ಫ್ರೇಸ್ ಕೇಳೋ ಫೈಲ್‌ಗಳ ಕಟ್ಟು) ಪರೀಕ್ಷಿಸಲ್ಲ. ಮಷೀನ್ ಕೈಗೆ ಸಿಕ್ಕಿದೋರು ಅದನ್ನ ತಿದ್ದಿ ಪಾಸ್‌ಫ್ರೇಸ್ ಕದಿಯಬಹುದು. ಹೋಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಬಿಟ್ಟು ಓಡಾಡೋರು ಇದನ್ನ ಯೋಚಿಸ್ಬೇಕು, ಬಾಕಿಯವರು ನೆಮ್ಮದಿಯಾಗಿರಿ.

ಕೊನೇ ಶಾಟ್. ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಹೆಡರ್, ಅಂದ್ರೆ ಬೀಗದ ಮಾಹಿತಿ ಇರೋ ಭಾಗ, ಅದರ ಬ್ಯಾಕಪ್ಪು ಬೇರೆ ಪೆನ್‌ಡ್ರೈವ್‌ಗೆ ಹೋಗ್ತಿದೆ. ಹೆಡರ್ ಕೆಟ್ರೆ ಸರಿಯಾದ ಪಾಸ್‌ಫ್ರೇಸ್ ಹಾಕಿದ್ರೂ ಡಿಸ್ಕ್ ತೆರೆಯಲ್ಲ. ಮುಂದೆ ಪಾಸ್‌ಫ್ರೇಸ್ ಬದಲಾಯಿಸಿದ್ರೆ ಈ ಹಳೇ ಬ್ಯಾಕಪ್ ಅಳಿಸಿ, ಹೊಸದು ತಗೊಳ್ಳಿ. ಹಳೇದು ಯಾರಿಗಾದ್ರೂ ಸಿಕ್ರೆ ಹಳೇ ಪಾಸ್‌ಫ್ರೇಸಲ್ಲೇ ಡಿಸ್ಕ್ ತೆರೆದುಬಿಡುತ್ತೆ.